ತಲೆಕಟ್ಟು ಮತ್ತು ಬಾಣ

ರಾಯಿಕೋಡ್ ಎಂಬ ಊರಿನ ಹೆಸರನ್ನು ತೆಲುಗಿನಲ್ಲಿ ಬರೆದರೂ ಕನ್ನಡ ಬಲ್ಲವನು ಓದಿಬಿಡುತ್ತಾನೆ. ರ, ಯ, ಡ ಹೆಚ್ಚುಕಡಿಮೆ ಒಂದೇ. ನಮ್ಮ ತಲೆಕಟ್ಟು ಅಡ್ಡ ಗೆರೆ, ಅವರದು ಮೇಷ್ಟ್ರು ಹಾಕುವ ಸರಿ ಗುರುತು. ಈ ಹೆಸರಿನಲ್ಲಿ ಕ ಮಾತ್ರ ಕೈಕೊಡುತ್ತದೆ. ಜಹೀರಾಬಾದಿನಲ್ಲಿ ಬೋರ್ಡು ಬರೆದು ಹೊಟ್ಟೆ ಹೊರೆದ ನನಗೆ ನಮ್ಮ ಸೀಮೆಯ ಚರಿತ್ರೆ ಕಾಣುವುದು ಈ ಅಕ್ಷರಗಳಲ್ಲೇ.

ನಿಜಾಮರ ಆಡಳಿತ ಉರ್ದುವಿನಲ್ಲಿ ನಡೆಯುತ್ತಿತ್ತು. ಆದರೂ 1918ರಲ್ಲಿ ಶುರುವಾದ ಅವರ ನೋಟಿನ ಮೇಲೆ ಬೆಲೆಯನ್ನು ತೆಲುಗು, ಮರಾಠಿ, ಕನ್ನಡದಲ್ಲೂ ಬರೆಸಿದ್ದರು. ಆಗ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯವು, ತಾಂಡೂರು ಗುಲ್ಬರ್ಗದ್ದು. 1956ರ ನವೆಂಬರ್ 1ಕ್ಕೆ ಮೂರೂ ಆಂಧ್ರಕ್ಕೆ ಹೋದವು. ಕನ್ನಡ ಮನೆಯೊಳಗೆ ಉಳಿಯಿತು, ಬೋರ್ಡು ತೆಲುಗಾಯಿತು.

ದಾರಿ ತೋರುವ ಬೋರ್ಡು ಬರೆಯುವುದನ್ನು ನಾನು ಕಲಿತದ್ದು ಝರಾಸಂಗಮದ ಕೇತಕಿ ಸಂಗಮೇಶ್ವರನ ಶಿವರಾತ್ರಿ ಜಾತ್ರೆಯಲ್ಲಿ. ದಾರಕ್ಕೆ ಸುಣ್ಣ ಬಳಿದು ಗೆರೆ ಹೊಡೆದು, ತಗಡಿನ ಮೇಲೆ ಎನಾಮಲ್ ಬಣ್ಣ. ಅಕ್ಷರ ಎಷ್ಟು ಚಂದವಿದ್ದರೇನು, ದಾರಿ ಕವಲೊಡೆದ ಮೇಲೆ ಬೋರ್ಡು ನೆಟ್ಟರೆ ಜನ ಆಗಲೇ ತಪ್ಪು ಕಡೆ ಹೊರಟಿರುತ್ತಾರೆ. ಕಾಲು ತಡೆದು ನಿಲ್ಲುವ ಜಾಗ ಹುಡುಕು, ಬಣ್ಣದ ಡಬ್ಬಿ ಆಮೇಲೆ ತೆಗೆ ಎನ್ನುತ್ತಿದ್ದರು ನಮ್ಮ ಉಸ್ತಾದರು.

ಆ ಮಾತು ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿಗೂ ಸಲ್ಲುತ್ತದೆ. 1951ರ ಡಿಸೆಂಬರ್ 16ರಂದು ನೆಹರೂ ಅದನ್ನು ತೆರೆದದ್ದು ದಿವಾನ್ ದೇವಡಿಯಲ್ಲಿ, ಮೂರನೆಯ ಸಾಲಾರ್ ಜಂಗರ ಮನೆಯಲ್ಲೇ. 1968ರಲ್ಲಿ ಅದು ಮೂಸಿ ದಂಡೆಯ ಈಗಿನ ಕಟ್ಟಡಕ್ಕೆ ಬಂತು. 30ಕ್ಕೂ ಹೆಚ್ಚು ಗ್ಯಾಲರಿ, ಎರಡು ಅಂತಸ್ತು. ಇಲ್ಲಿ ಬಾಣದ ಗುರುತಿಲ್ಲದೆ ನಡೆಯದು. ಗಂಟೆ ಹೊಡೆಯುವ ಗಡಿಯಾರಕ್ಕೆ ಮಾತ್ರ ಬೋರ್ಡು ಬೇಡ. ಗಂಟೆ ತುಂಬುವ ಹೊತ್ತಿಗೆ ಜನರೇ ಅತ್ತ ನುಗ್ಗುತ್ತಾರೆ, ಹಿಂದೆ ಹೋದರಾಯಿತು. ಶಿಲ್ಪಿ ಬೆನ್ಜೋನಿ ಕಡೆದ ಮುಸುಕಿನ ರೆಬೆಕ್ಕಾ ಸದ್ದು ಮಾಡುವವಳಲ್ಲ. ಅವಳನ್ನು ಹುಡುಕಲು ಬಾಣವೇ ಬೇಕು.

ನನ್ನನ್ನು ಕೇಳಿದರೆ ಮ್ಯೂಸಿಯಮ್ಮಿನ ಬೋರ್ಡಿನಲ್ಲಿ ಕನ್ನಡದ ಸಾಲೊಂದನ್ನು ಸೇರಿಸುವುದು ಬೇಡ. ಸಾಲು ಹೆಚ್ಚಿದಷ್ಟೂ ಅಕ್ಷರ ಸಣ್ಣದಾಗಿ, ದೂರದಿಂದ ಯಾವುದೂ ಕಾಣುವುದಿಲ್ಲ. ತೆಲುಗನ್ನೇ ತುಸು ದಪ್ಪಗೆ ಬರೆಯಲಿ. ಗಡಿಯಾರ, ದಾರಿ ಎಂಬವನ್ನು ನಮ್ಮೂರಿನವರು ತಡವರಿಸದೆ ಓದುತ್ತಾರೆ. ಚ, ತ, ಸ, ಹ ಬಂದಲ್ಲಿ ತಡೆಯುತ್ತಾರೆ. ಅಂಥ ಕಡೆ ಪಕ್ಕದಲ್ಲಿ ಒಂದು ಚಿತ್ರ ಬರೆದರೆ ಸಾಕು. ಇನ್ನು ಬಾಣದ ಮೂತಿಯನ್ನು ಬಾಲಕ್ಕಿಂತ ಮೂರು ಪಟ್ಟು ಅಗಲ ಮಾಡಬೇಕು. ಫ್ಲೆಕ್ಸ್ ಅಂಗಡಿಯ ಹುಡುಗರು ಅದನ್ನು ಸೂಜಿಯಂತೆ ಸಣ್ಣ ಮಾಡುತ್ತಾರೆ, ಹೇಳಿದರೆ ಕೇಳುವುದಿಲ್ಲ.