ರೈಲು ಬಾರದ ಊರು ನಿಕೋಡೆಮಸ್

ಅಮೆರಿಕದ ಇತಿಹಾಸ ಪಾಠ ಮಾಡುವಾಗ ನಾವು ಮಾಸ್ತರರು ಸಾಮಾನ್ಯವಾಗಿ ಲಿಂಕನ್ನರ ತನಕ ಬಂದು, ಗುಲಾಮಗಿರಿ ರದ್ದಾಯಿತು ಎಂದು ಹೇಳಿ ಪುಸ್ತಕ ಮಡಚಿಬಿಡುತ್ತೇವೆ. 1865ರ ಹೊತ್ತಿಗೆ ಬಿಡುಗಡೆಯಾದ ಸುಮಾರು 40 ಲಕ್ಷ ಜನ ಆಮೇಲೆ ಎಲ್ಲಿಗೆ ಹೋದರು, ಯಾರ ಹೊಲದಲ್ಲಿ ದುಡಿದರು, ಏನು ಉಂಡರು ಎಂಬ ಪ್ರಶ್ನೆ ಪರೀಕ್ಷೆಗೆ ಬರುವುದಿಲ್ಲ. ಮಕ್ಕಳೂ ಕೇಳುವುದಿಲ್ಲ. ಈ ಪ್ರಶ್ನೆಗೆ ಸಿಗುವ ಹಲವು ಉತ್ತರಗಳಲ್ಲಿ ಒಂದು, ಕಾನ್ಸಾಸ್ ರಾಜ್ಯದ ಹುಲ್ಲುಬಯಲಿನಲ್ಲಿರುವ ನಿಕೋಡೆಮಸ್ ಎಂಬ ಪುಟ್ಟ ಹಳ್ಳಿ. 2020ರ ಜನಗಣತಿಯಲ್ಲಿ ಅಲ್ಲಿ ಸಿಕ್ಕ ತಲೆಗಳು 14.

ಅಮೆರಿಕದ ನಡುಭಾಗದ ಈ ಹುಲ್ಲುಬಯಲನ್ನು ಪ್ರೈರಿ ಎನ್ನುತ್ತಾರೆ. ಕಣ್ಣು ಹಾಯಿಸಿದಷ್ಟೂ ಹುಲ್ಲು. ಹೊಳೆಯ ದಂಡೆ ಬಿಟ್ಟರೆ ಮರ ಕಾಣುವುದು ಅಪರೂಪ. ಮಳೆಯೂ ಅಷ್ಟಕ್ಕಷ್ಟೆ. ಹುಲ್ಲಿನ ಬೇರು ನೆಲದೊಳಗೆ ಚಾಪೆಯಂತೆ ಹೆಣೆದುಕೊಂಡಿರುವುದರಿಂದ ಮೊದಲ ಸಲ ನೇಗಿಲು ಹೂಡುವುದೇ ಒಂದು ಯುದ್ಧ. ಇಂತಹ ನೆಲಕ್ಕೆ ಜನರನ್ನು ಕರೆದದ್ದು 1862ರ ಹೋಮ್‌ಸ್ಟೆಡ್ ಕಾನೂನು. ಐದು ವರ್ಷ ಅಲ್ಲೇ ವಾಸವಿದ್ದು ಸಾಗುವಳಿ ಮಾಡಿದರೆ 160 ಎಕರೆ ಸ್ವಂತ. ಕೊಡಬೇಕಾದದ್ದು ಸಣ್ಣ ಅರ್ಜಿ ಶುಲ್ಕ ಮಾತ್ರ. ತಲೆಮಾರುಗಳ ಕಾಲ ತಾವೇ ಇನ್ನೊಬ್ಬರ ಆಸ್ತಿಯಾಗಿದ್ದವರಿಗೆ 'ಸ್ವಂತ ನೆಲ' ಎಂಬ ಮಾತು ಹೇಗೆ ಕೇಳಿಸಿರಬೇಕು, ಯೋಚಿಸಿ ನೋಡಿ.

1877ರಲ್ಲಿ ದಕ್ಷಿಣದ ರಾಜ್ಯಗಳಿಂದ ಕೇಂದ್ರದ ಸೈನ್ಯದ ರಕ್ಷಣೆ ಹಿಂದೆ ಸರಿಯಿತು. ಕಪ್ಪು ಜನರಿಗೆ ಸಿಕ್ಕಿದ್ದ ಹಕ್ಕುಗಳು ಒಂದೊಂದಾಗಿ ಕೈಜಾರತೊಡಗಿದವು. ಅದೇ ವರ್ಷ ಡಬ್ಲ್ಯೂ. ಆರ್. ಹಿಲ್ ಎಂಬ ಬಿಳಿಯ ಭೂವ್ಯವಹಾರಿ ಹಾಗೂ ಡಬ್ಲ್ಯೂ. ಎಚ್. ಸ್ಮಿತ್ ಮೊದಲಾದ ಕಪ್ಪು ಮುಖಂಡರು ಸೇರಿ ನಿಕೋಡೆಮಸ್ ಟೌನ್ ಕಂಪನಿ ಕಟ್ಟಿದರು. ಸೊಲೊಮನ್ ನದಿಯ ಬಯಲಿನಲ್ಲಿ ಫಲವತ್ತಾದ ಭೂಮಿ ಇದೆ, ಬನ್ನಿ ಎಂದು ಕರಪತ್ರ ಹಂಚಿದರು. ಕೆಂಟಕಿ ರಾಜ್ಯದಿಂದ ಸೆಪ್ಟೆಂಬರಿನಲ್ಲಿ ಸುಮಾರು 300 ಜನರ ಗುಂಪು ಹೊರಟಿತು. ಎಲ್ಲಿಸ್ ಎಂಬ ಸ್ಟೇಷನ್‌ವರೆಗೆ ರೈಲು. ಅಲ್ಲಿಂದ 30 ಮೈಲಿಗೂ ಹೆಚ್ಚು ದಾರಿಯನ್ನು ನಡೆದೇ ಸಾಗಿಸಬೇಕು.

ಮುಂದಿನ ವರ್ಷ, ಅಂದರೆ 1878ರ ವಸಂತದಲ್ಲಿ ಬಂದ ಇನ್ನೊಂದು ಗುಂಪಿನಲ್ಲಿ ವಿಲಿಯಾನಾ ಹಿಕ್‌ಮನ್ ಎಂಬ ಹೆಣ್ಣುಮಗಳಿದ್ದಳು. ಎಲ್ಲಿಸ್‌ನಲ್ಲೇ ದಡಾರ ಬಂದು ಗುಂಪಿನ ಹಲವು ಮಕ್ಕಳು ತೀರಿಕೊಂಡಿದ್ದವು. ಎರಡು ದಿನ ಬಯಲು ದಾಟಿ ಬಂದ ಮೇಲೆ, ಊರು ಸಿಕ್ಕಿತೆಂದು ಗಂಡಸರು ಕೂಗಿದರು. ಎಲ್ಲಿದೆ ಊರು ಎಂದು ಇವಳು ಸುತ್ತ ನೋಡಿದಳು. ಮನೆಯೂ ಇಲ್ಲ, ಮಾಳಿಗೆಯೂ ಇಲ್ಲ. ಅವರು ಕೈತೋರಿಸಿದ ಕಡೆ ನೆಲದೊಳಗಿನಿಂದ ಅಲ್ಲಲ್ಲಿ ಹೊಗೆ ಏಳುತ್ತಿತ್ತು. ಅದೇ ನಿಕೋಡೆಮಸ್! ಅವಳಿಗೆ ಅಳು ತಡೆಯಲಾಗಲಿಲ್ಲ. ಮುಪ್ಪಿನಲ್ಲಿ ಇದನ್ನು ಆಕೆಯೇ ನೆನಪಿಸಿಕೊಂಡು ಹೇಳಿದ್ದರಿಂದ ನಮಗಿಂದು ಗೊತ್ತಾಗಿದೆ.

ಆ ಹೊಗೆ ಡಗ್‌ಔಟ್‌ಗಳದ್ದು. ಮರವಿಲ್ಲದ ನಾಡಿನಲ್ಲಿ ದಿಣ್ಣೆಯ ಮಗ್ಗುಲನ್ನು ಅಗೆದು ಗವಿಯಂತೆ ಮಾಡಿ, ಮೇಲೆ ಕೊಂಬೆ ಹಾಸಿ, ಹುಲ್ಲುಸಮೇತ ಕತ್ತರಿಸಿದ ಮಣ್ಣಿನ ಹೆಂಟೆಗಳನ್ನು ಮುಚ್ಚುತ್ತಿದ್ದರು. ಬಂದ ಜನ ಕೂಡಲೇ ಎರಡು ಭಾಗವಾದರು. ಸುಮಾರು 60 ಕುಟುಂಬಗಳು ಮೋಸಹೋದೆವೆಂದು ಹಿಂದಕ್ಕೆ ಹೊರಟವು. ಉಳಿದವರು ಉಳಿದರು. ಎತ್ತು, ಕುದುರೆ ಇಲ್ಲದವರು ಗುದ್ದಲಿ, ಸನಿಕೆ ಹಿಡಿದು ಬಿತ್ತನೆಗೆ ನೆಲ ಅಗೆದರು. ಮೊದಲ ಚಳಿಗಾಲದಲ್ಲಿ, ಬೇಟೆಯಿಂದ ಮರಳುತ್ತಿದ್ದ ಓಸೇಜ್ ಬುಡಕಟ್ಟಿನವರು ಆಹಾರ ಹಂಚಿಕೊಟ್ಟು ಕಾಪಾಡಿದರು ಎಂಬುದು ಊರಿನವರು ತಲೆಮಾರಿನಿಂದ ಹೇಳಿಕೊಂಡು ಬಂದ ಮಾತು. ಗಂಡಸರು ರೈಲ್ವೆ ಕೆಲಸಕ್ಕೆ, ಕೂಲಿಗೆ ದೂರ ಹೋದರು. ಸ್ಮಿತ್‌ರ ಮಗಳು ಜೆನ್ನಿ ಫ್ಲೆಚರ್ ಊರಿನ ಮೊದಲ ಶಿಕ್ಷಕಿಯಾದಳು. ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿದ್ದ ರಾಜ್ಯಗಳು ದಕ್ಷಿಣದಲ್ಲಿ ಹಲವಿದ್ದವು ಎಂಬುದನ್ನು ನೆನೆದರೆ ಈ ಸಾಲಿನ ತೂಕ ತಿಳಿಯುತ್ತದೆ.

ಊರು ಚಿಗುರಿತು. ಜೆನ್ನಿಯ ಗಂಡ 1880ರಲ್ಲಿ ಸೇಂಟ್ ಫ್ರಾನ್ಸಿಸ್ ಹೋಟೆಲು ತೆರೆದ. ಇಗರ್ಜಿಗಳು, ಅಂಗಡಿಗಳು, ಬ್ಯಾಂಕು ಬಂದವು. 1886ರಲ್ಲಿ 'ವೆಸ್ಟರ್ನ್ ಸೈಕ್ಲೋನ್', 1887ರಲ್ಲಿ 'ನಿಕೋಡೆಮಸ್ ಎಂಟರ್‌ಪ್ರೈಸ್' ಎಂದು ಎರಡು ಪತ್ರಿಕೆಗಳೇ ಹುಟ್ಟಿದವು. 1878ರಲ್ಲಿ ಇಲ್ಲಿಗೆ ಬಂದು ನೆಲೆಸಿದ ಎಡ್ವರ್ಡ್ ಮೆಕೇಬ್ 1882ರಲ್ಲಿ ಕಾನ್ಸಾಸ್ ರಾಜ್ಯದ ಲೆಕ್ಕಪರಿಶೋಧಕನಾಗಿ ಚುನಾಯಿತನಾದ. ಗುದ್ದಲಿಯಿಂದ ನೆಲ ಅಗೆದ ಊರಿನ ಮನುಷ್ಯ ಐದೇ ವರ್ಷದಲ್ಲಿ ಇಡೀ ರಾಜ್ಯದ ಖಜಾನೆಯ ಲೆಕ್ಕ ನೋಡುವಂತಾದ!

ಆಗ ಊರಿನವರ ಕಣ್ಣು ಬಿದ್ದದ್ದು ರೈಲಿನ ಮೇಲೆ. ಬಯಲುಸೀಮೆಯ ರೈತನಿಗೆ ರೈಲು ಎಂದರೆ ಬದುಕು. ಕಾಳು ಸಾಗಬೇಕು, ಮರ ಬರಬೇಕು, ಕಲ್ಲಿದ್ದಲು ಬರಬೇಕು. 1887ರಲ್ಲಿ ಮಿಸೌರಿ ಪೆಸಿಫಿಕ್ ಕಂಪನಿಯನ್ನು ಕರೆತರಲೆಂದು ಟೌನ್‌ಶಿಪ್ಪಿನ ಮತದಾರರು 16,000 ಡಾಲರ್ ಬಾಂಡ್‌ಗೆ ಒಪ್ಪಿಗೆ ಕೊಟ್ಟರು. ಮಣ್ಣಿನ ಮನೆಯಿಂದ ಆಗಷ್ಟೇ ಹೊರಬಂದವರಿಗೆ ಅದು ಸಣ್ಣ ಮೊತ್ತವಲ್ಲ. ಆದರೂ ಆ ರೈಲು ಬರಲಿಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್ ಹಳಿ ಹಾಕಿತು, ಆದರೆ ನದಿಯ ಆಚೆ ದಂಡೆಯಲ್ಲಿ, ಕೆಲವೇ ಮೈಲಿ ದೂರದಲ್ಲಿ. ಅಲ್ಲಿ ಬೋಗ್ ಎಂಬ ಹೊಸ ಊರು ಹುಟ್ಟಿತು. ನಿಕೋಡೆಮಸ್‌ನ ವ್ಯಾಪಾರಿಗಳು ಅಂಗಡಿ ಕಿತ್ತುಕೊಂಡು ಹಳಿಯ ಪಕ್ಕಕ್ಕೆ ಹೋದರು. ಪತ್ರಿಕೆಗಳೂ ನಿಂತವು. ಬರಗಾಲ, ಹಸಿವು, ಚಳಿ ಯಾವುದಕ್ಕೂ ಬಗ್ಗದ ಊರನ್ನು ನಕಾಶೆಯ ಮೇಲೆ ಎಳೆದ ಒಂದು ಗೆರೆ ಬಗ್ಗಿಸಿತು.

ಆದರೂ ರೈತರು ಹೊಲ ಬಿಡಲಿಲ್ಲ. ಗೋಧಿ ಬೆಳೆದರು, ಇಗರ್ಜಿ ನಡೆಸಿದರು, 1918ರಲ್ಲಿ ಹೊಸ ಶಾಲೆಯ ಕಟ್ಟಡ ಎಬ್ಬಿಸಿದರು. ಆಮೇಲೆ ಬಂದದ್ದು 1930ರ ದಶಕದ ಆರ್ಥಿಕ ಕುಸಿತ. ಜೊತೆಗೇ ಧೂಳುಗಾಳಿಯ ವರ್ಷಗಳು. ಹುಲ್ಲು ಕಿತ್ತ ಬಯಲಿಗೆ ಮಳೆ ಕೈಕೊಟ್ಟಾಗ ಮೇಲ್ಮಣ್ಣೇ ಹಾರಿಹೋಯಿತು. 1935ರಲ್ಲಿ ಊರಿನಲ್ಲಿ ಉಳಿದವರು 76 ಜನ, 1950ರಲ್ಲಿ 16. 1953ರಲ್ಲಿ ಅಂಚೆ ಕಚೇರಿ ಮುಚ್ಚಿತು. ಶಾಲೆಯ ಬಾಗಿಲೂ ಮುಚ್ಚಿತು. ಅಂಚೆಯೂ ಶಾಲೆಯೂ ಹೋದ ಊರು ಸರಕಾರದ ಕಡತದಲ್ಲಿ ಬಹಳ ದಿನ ಬಾಳುವುದಿಲ್ಲ ಎಂಬುದು ಗಡಿನಾಡಿನ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ನಿಕೋಡೆಮಸ್ ಉಳಿದದ್ದು ಹೇಗೆ? ಉತ್ತರ ಒಂದು ಹಬ್ಬದಲ್ಲಿದೆ. ಬ್ರಿಟಿಷ್ ವೆಸ್ಟ್ ಇಂಡೀಸ್‌ನಲ್ಲಿ ಗುಲಾಮಗಿರಿ ಕೊನೆಗೊಂಡ 1834ರ ಆಗಸ್ಟ್ 1ರ ನೆನಪಿಗೆ ಈ ಊರಿನವರು 1878ರಿಂದಲೇ ವಿಮೋಚನೆಯ ಹಬ್ಬ ಆಚರಿಸುತ್ತ ಬಂದರು. ಊರು ಬರಿದಾದ ಮೇಲೆ ಆ ಹಬ್ಬವೇ ಮನೆಗೆ ಮರಳುವ ಹಬ್ಬವಾಯಿತು. ಇಂದಿಗೂ ಜುಲೈ ಕೊನೆಯ ವಾರಾಂತ್ಯದಲ್ಲಿ ದೂರದೂರದ ರಾಜ್ಯಗಳಿಂದ ಮೊಮ್ಮಕ್ಕಳು, ಮರಿಮಕ್ಕಳು ಬರುತ್ತಾರೆ. ಮೆರವಣಿಗೆ, ಊಟ, ಪ್ರಾರ್ಥನೆ ನಡೆಯುತ್ತದೆ. ನಮ್ಮಲ್ಲಿ ಮುಂಬಯಿ, ಪುಣೆ ಸೇರಿದವರು ಜಾತ್ರೆಗೆ ಊರಿಗೆ ಬಂದು ತೇರಿನ ಹಗ್ಗಕ್ಕೆ ಕೈಹಾಕುವಂತೆ!

ಇನ್ನೊಂದು ಕೆಲಸವೂ ನಡೆಯಿತು. ಈ ಊರಿನ ಸಂತತಿಯ ಏಂಜೆಲಾ ಬೇಟ್ಸ್ 1980ರ ದಶಕದ ಕೊನೆಯಲ್ಲಿ ನಿಕೋಡೆಮಸ್ ಹಿಸ್ಟಾರಿಕಲ್ ಸೊಸೈಟಿ ಸ್ಥಾಪಿಸಿ ಹಿರಿಯರ ಮಾತು, ಪಟ, ಕಾಗದಪತ್ರ ಕೂಡಿಹಾಕಿದರು. 1976ರಲ್ಲೇ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಾಗಿದ್ದ ಊರು 1996ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು. ಹೋಟೆಲು, ಶಾಲೆ, ಎರಡು ಇಗರ್ಜಿ, 1939ರ ಟೌನ್‌ಶಿಪ್ ಹಾಲ್ ಸೇರಿ ಐದು ಹಳೆಯ ಕಟ್ಟಡಗಳು ಇಂದು ಅದರ ಭಾಗ.

ಓದುಗರೇ, ಜನಗಣತಿಯವರು ರಾತ್ರಿ ಮಲಗಿದವರನ್ನು ಎಣಿಸುತ್ತಾರೆ, ಅದು ಅವರ ಕೆಲಸ. ತನ್ನದೆಂದುಕೊಂಡು ಮರಳಿ ಬರುವವರನ್ನು ಊರೇ ಎಣಿಸಿಕೊಳ್ಳಬೇಕು. ಒಬ್ಬ ಅಜ್ಜಿ ತನ್ನ ಅಳುವಿನ ಕಥೆಯನ್ನು ಹೇಳಿದ್ದರಿಂದ, ಯಾರೋ ಅದನ್ನು ಬರೆದುಕೊಂಡಿದ್ದರಿಂದ ಒಂದು ಹಳ್ಳಿಯ ಮೊದಲ ದಿನ ಉಳಿಯಿತು. ನಿಮ್ಮ ಊರಿನ ಶಾಲೆಯ ಹಳೆಯ ಹಾಜರಿ ಪುಸ್ತಕ ಎಲ್ಲಿದೆ? ಮೊದಲ ಮಾಸ್ತರರ ಹೆಸರು ಯಾರಿಗೆ ಗೊತ್ತು? ಗೊತ್ತಿರುವ ಹಿರಿಯರು ಇರುವಾಗಲೇ ಹೋಗಿ ಕೇಳಿ, ಬರೆದಿಡಿ.