ರವಿಕೆಯೊಳಗಣ ರವಿಕೆ

ಬೆಳಗಿನ ಆರು ಗಂಟೆಯ ಹೊತ್ತಿಗೆ ಬೆಂಗಳೂರಿನ ರಾಜಾಜಿನಗರದ ಯಾವುದಾದರೊಂದು ಅಡ್ಡರಸ್ತೆಯಲ್ಲಿ ನಿಂತು ನೋಡುವವರಿಗೆ, ಹಾಲಿನ ಬೂತಿನ ಕಡೆಗೋ ತಳ್ಳುಗಾಡಿಯ ಸೊಪ್ಪಿನವಳ ಕಡೆಗೋ ಹೆಜ್ಜೆಯಿಡುವ ಗೃಹಿಣಿಯರಲ್ಲಿ ಬಹುಮಂದಿ ನೈಟಿಯನ್ನು ಧರಿಸಿ, ಅದರ ಮೇಲೆ ಎದೆಗೆ ಅಡ್ಡಲಾಗಿ ಒಂದು ಟವೆಲನ್ನೋ ಮಗಳ ಚೂಡಿದಾರದ ವೇಲನ್ನೋ ಹೊದ್ದಿರುವುದು ಕಣ್ಣಿಗೆ ಬೀಳುತ್ತದೆ. ಚಳಿಗೆಂದು ಹೊದ್ದುದಲ್ಲ ಅದು. ವೈಶಾಖದ ಸೆಕೆಯಲ್ಲಿಯೂ ಅದು ಹೆಗಲಿನಿಂದ ಇಳಿಯುವುದಿಲ್ಲ. ರಾತ್ರಿ ಕಳಚಿಟ್ಟ ಬಾಡಿಯನ್ನು ಇನ್ನೂ ತೊಟ್ಟಿಲ್ಲವಾದುದರಿಂದ, ಆ ಕೊರತೆ ಪರರ ದೃಷ್ಟಿಗೆ ಬೀಳದಿರಲೆಂಬುದೊಂದೇ ಅದರ ಉದ್ದೇಶ. ನೈಟಿಯಾದರೋ ಕೊರಳಿನಿಂದ ಹಿಮ್ಮಡಿಯವರೆಗೆ ಇಳಿಬಿದ್ದಿರುವ ಉಡುಪು. ಮುಚ್ಚಬೇಕಾದುದನ್ನೆಲ್ಲ ಅದು ಆಗಲೇ ಮುಚ್ಚಿದೆ. ಹಾಗಿದ್ದರೂ ಸಾಲದು, ಮುಚ್ಚಿರುವುದರ ಒಳಗೆ ಇನ್ನೊಂದು ಮುಚ್ಚುಗೆ ಇದೆಯೆಂಬ ಭರವಸೆ ಬೀದಿಗೆ ಬೇಕು.

ಈ ಟವೆಲಿನ ಪದ್ಧತಿಯನ್ನು ಯಾವ ಧರ್ಮಶಾಸ್ತ್ರವೂ ವಿಧಿಸಿದುದಲ್ಲ, ಯಾವ ಸರಕಾರವೂ ಕಾನೂನು ಮಾಡಿದುದಲ್ಲ. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿ ಎಂಬ ಗ್ರಾಮದ ಹಿರಿಯರು 2018ರಲ್ಲಿ, ಹಗಲುಹೊತ್ತು ನೈಟಿಯಲ್ಲಿ ಹೊರಬಂದವರಿಗೆ 2000 ರೂಪಾಯಿ ದಂಡವೆಂದು ಸಾರಿದರು. ನಮ್ಮ ವಿಜಯನಗರ, ಬಸವೇಶ್ವರನಗರಗಳಲ್ಲಿ ದಂಡವಿಲ್ಲ. ದಂಡದ ಅಗತ್ಯವೇ ಇಲ್ಲದಂತೆ ನಿಯಮವು ಹೆಂಗಸರ ಮೈಗೆ ಹತ್ತಿಹೋಗಿದೆ. ಎಲ್ಲರಿಗಿಂತ ಮೊದಲು ಅದನ್ನು ಕಲಿಸುವವಳು ತಾಯಿ. ಕಲಿಸುವುದೂ ಮಾತಿನಿಂದಲ್ಲ, ಒಂದು ನೋಟದಿಂದ.

ನಿಯಮಕ್ಕೆ ಎರಡು ಮುಖಗಳುಂಟು. ಬಾಡಿಯನ್ನು ತೊಡಲೇಬೇಕು, ತೊಟ್ಟುದು ಕಾಣಲೇಬಾರದು. ನಾನು ಬೆಳೆದ ರಾಜಾಜಿನಗರದ ವಠಾರದಲ್ಲಿ ಎಂಟು ಮನೆಗಳಿಗೆ ಒಂದೇ ಬಾವಿ, ಒಂದೇ ಒಗೆಯುವ ಕಲ್ಲು, ಬಟ್ಟೆ ಒಣಹಾಕಲು ಎರಡು ತಂತಿಗಳು. ಗಂಡಸರ ಬನಿಯನ್ನು ಚಡ್ಡಿಗಳು ಆ ತಂತಿಯ ಮೇಲೆ ಸೂರ್ಯನಿಗೆ ಎದೆಗೊಟ್ಟು ಒಣಗುತ್ತಿದ್ದುವು; ಹೆಂಗಸರ ಬಾಡಿಗಳು ಮಾತ್ರ ಸೀರೆಯ ಮಡಿಕೆಯ ಕೆಳಗೆ, ಬಿಸಿಲನ್ನು ಕಾಣದೆ, ಗಾಳಿಯನ್ನು ಅರಿಯದೆ, ಅರ್ಧ ಒಣಗಿ ಅರ್ಧ ಹಸಿಯಾಗಿ ಇರುತ್ತಿದ್ದುವು. ಆಷಾಢ ಶ್ರಾವಣದ ಮಳೆಯಲ್ಲಿ ಆ ಹಸಿಬಟ್ಟೆಯನ್ನೇ ತೊಟ್ಟು ಎದೆಯ ಕೆಳಗೆ ಕೆಂಪಗೆ ಗಂಧೆಯೆದ್ದು, ಯಾರ ಮುಂದೆಯೂ ಹೇಳಿಕೊಳ್ಳಲಾರದೆ, ರಾತ್ರಿ ದೀಪವಾರಿದ ಮೇಲೆ ಕೊಬ್ಬರಿಯೆಣ್ಣೆ ಸವರಿಕೊಳ್ಳುತ್ತಿದ್ದ ಹೆಂಗಸರನ್ನು ನಾನು ಬಲ್ಲೆ. ಅಂಗಡಿಯಲ್ಲಿಯೂ ಅದೇ ಕಥೆ. ಗಲ್ಲೆಯ ಹಿಂದಿನ ಗಂಡಸಿಗೆ ಅಳತೆಯನ್ನು ಪಿಸುಮಾತಿನಲ್ಲಿ ಹೇಳಿ, ಅವನು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಟ್ಟ ಪೊಟ್ಟಣವನ್ನು ಬಿಚ್ಚಿಯೂ ನೋಡದೆ ಚೀಲಕ್ಕೆ ಸೇರಿಸಿ ಬರುವುದು. ಅಳತೆ ತಪ್ಪಿದರೆ ತಪ್ಪಿದ್ದನ್ನೇ ಹರಿಯುವವರೆಗೆ ತೊಡುವುದು.

ಇಷ್ಟೊಂದು ಕಟ್ಟುನಿಟ್ಟಿಗೆ ಒಳಗಾದ ಈ ವಸ್ತ್ರದ ಹಿಂದಣ ಕಥೆಯನ್ನು ಕೆದಕಹೊರಟರೆ ಕುಪ್ಪಸದಿಂದಲೇ ಆರಂಭಿಸಬೇಕು. ಅಮರಕೋಶವು 'ಚೋಲ'ವೆಂಬ ರವಿಕೆಯ ಹೆಸರಿನೊಡನೆ ಹೇಳುವ 'ಕೂರ್ಪಾಸಕ'ವೇ ನಮ್ಮ ನಾಲಗೆಯಲ್ಲಿ ಮೆತ್ತಗಾಗಿ ಕುಪ್ಪಸವಾಯಿತು; ಉತ್ತರ ಕರ್ನಾಟಕದಲ್ಲಿ ಕುಬಸವಾಯಿತು. ಹೀಗೆ ಹೆಸರು ಪ್ರಾಚೀನವಾದುದೇ. ಆದರೆ ಹೆಸರು ಇದ್ದಿತೆಂದ ಮಾತ್ರಕ್ಕೆ ಎಲ್ಲರ ಮೈಮೇಲೂ ವಸ್ತ್ರವಿದ್ದಿತೆಂದು ಹೇಳಲಾಗದು. 1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಿಸಿದ ದೇಗುಲದ ಮದನಿಕೆಯರು ಹಾರ ಕೇಯೂರಗಳಿಂದ ಅಲಂಕೃತರಾಗಿದ್ದರೂ ಎದೆಯ ಮೇಲೆ ವಸ್ತ್ರವನ್ನು ಧರಿಸಿದವರಲ್ಲ. ಅದನ್ನು ಶಿಲ್ಪಿಯ ಸಂಪ್ರದಾಯವೆಂದು ತಿಳಿಯಬೇಕೆ ಹೊರತು, ಅಂದಿನ ಬೀದಿಯ ಯಥಾವತ್ತಾದ ಚಿತ್ರವೆಂದು ಭಾವಿಸುವುದು ಸಾಹಸವಾದೀತು. ನಾಲ್ಕು ಶತಮಾನಗಳ ಅನಂತರ ಲೇಪಾಕ್ಷಿಯ ವೀರಭದ್ರಾಲಯದ ಚಾವಣಿಯಲ್ಲಿ ಬಣ್ಣದಿಂದ ಮೂಡಿದ ವಿಜಯನಗರ ಕಾಲದ ಸ್ತ್ರೀಯರಾದರೋ ಮೈಗಪ್ಪಿದ ಕುಪ್ಪಸವನ್ನು ತೊಟ್ಟು, ಚಿತ್ತಾರದ ಸೀರೆಯನ್ನುಟ್ಟು ನಿಂತಿದ್ದಾರೆ. ನಾಡಿನ ಉಡಿಗೆ ತೊಡಿಗೆ ಎಷ್ಟು ದೂರ ಖ್ಯಾತವಾಗಿದ್ದಿತೆಂದರೆ, ಕಾಶ್ಮೀರದ ಹರ್ಷರಾಜನಿಗೆ ದಾಕ್ಷಿಣಾತ್ಯರ ಬೆಡಗು ಪ್ರಿಯವಾಗಿ, ಅವನು ನಾಣ್ಯವನ್ನು ಸಹ ಕರ್ಣಾಟಕದ ಮಾದರಿಯಲ್ಲಿ ಟಂಕಿಸಿದನೆಂದು ಹನ್ನೆರಡನೆಯ ಶತಮಾನದ ಕಲ್ಹಣನು ರಾಜತರಂಗಿಣಿಯಲ್ಲಿ ಬರೆದಿಟ್ಟಿದ್ದಾನೆ.

ಅದೇ ಶತಮಾನದಲ್ಲಿ, ಉಟ್ಟುದನ್ನೆಲ್ಲ ತ್ಯಜಿಸಿ ಕೇಶವನ್ನೇ ಮರೆಮಾಡಿಕೊಂಡು ಕಲ್ಯಾಣಕ್ಕೆ ನಡೆದುಬಂದ ಅಕ್ಕಮಹಾದೇವಿಯನ್ನು ಶರಣರು ಅನುಭವಮಂಟಪದಲ್ಲಿ ಬರಮಾಡಿಕೊಂಡರು. ಬಸವಣ್ಣನ ಹೆಸರನ್ನು ಹೊತ್ತ ನಮ್ಮ ಬಡಾವಣೆಯ ಬೀದಿಗಳಲ್ಲಿ ನಡೆಯುವಾಗ ಈ ಸಂಗತಿ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ.

ಕುಪ್ಪಸವು ಬರಿಯ ವಸ್ತ್ರವಾಗಿರದೆ ಸಂದಾಯವಾಗುವ ಒಂದು ಗೌರವವೂ ಆಗಿದ್ದಿತೆಂಬುದನ್ನು ತಿಳಿಯದೆ ಮುಂದಿನದು ಅರ್ಥವಾಗಲಾರದು. ಮನೆಗೆ ಬಂದ ಮುತ್ತೈದೆಗೆ ಅರಿಶಿನ ಕುಂಕುಮ ತಾಂಬೂಲಗಳೊಡನೆ ರವಿಕೆಯ ಕಣವನ್ನು ಕೊಟ್ಟು ಕಳುಹಿಸುವ ವಾಡಿಕೆ ಹಳೆಯ ಮೈಸೂರಿನ ಮನೆಗಳಲ್ಲಿ ಇಂದಿಗೂ ಉಳಿದಿದೆ. ಗೌರಿಯ ಬಾಗಿನದ ಮೊರದಲ್ಲಿ ಧಾನ್ಯ, ಬಳೆ, ಕನ್ನಡಿಗಳ ನಡುವೆ ಅದು ಇರಲೇಬೇಕು. ಉತ್ತರದ ಕಡೆಗೆ ಹೋದರೆ ಬಸುರಿಯ ಸೀಮಂತಕ್ಕೆ 'ಕುಬಸ' ಎಂದೇ ಹೆಸರು. ತವರಿನಿಂದ ಬಂದ ಹಸಿರು ಸೀರೆ, ಹಸಿರು ಕುಬಸ, ಹಸಿರು ಬಳೆಗಳು ಅಲ್ಲಿಯ ಹಿಗ್ಗು. ಗುಳೇದಗುಡ್ಡದ ನೇಕಾರರು ತಲೆಮಾರುಗಳಿಂದ ಮಗ್ಗದಲ್ಲಿ ನೇದುದು ಈ ಕುಬಸಕ್ಕೆಂದೇ ಮೀಸಲಾದ ಖಣವನ್ನು. ಇಳಕಲ್ಲಿನ ಸೀರೆಗೆ ಅದೇ ಜೊತೆ.

ಕೊಡುವ ಗೌರವವನ್ನು ಕಸಿಯುವುದೂ ಸಾಧ್ಯ. ಗಂಡ ಸತ್ತ ಬ್ರಾಹ್ಮಣ ಸ್ತ್ರೀಯ ಕೇಶದೊಡನೆ, ಬಳೆ ಕುಂಕುಮಗಳೊಡನೆ, ಕುಪ್ಪಸವೂ ಹೋಗುತ್ತಿದ್ದಿತು. ಆಕೆ ಬಾಲಿಕೆಯಾಗಿದ್ದರೂ ಆದೀತು, ಮುದುಕಿಯಾಗಿದ್ದರೂ ಆದೀತು. ಕೆಂಪು ಸೀರೆಯೊಂದನ್ನೇ ತಲೆಗೂ ಎದೆಗೂ ಸೊಂಟಕ್ಕೂ ಸುತ್ತಿಕೊಂಡು ಉಳಿದ ಆಯುಷ್ಯವನ್ನು ಕಳೆಯಬೇಕು. ಎಂ. ಕೆ. ಇಂದಿರಾ ಅವರು 1976ರಲ್ಲಿ ಪ್ರಕಟಿಸಿದ 'ಫಣಿಯಮ್ಮ' ಕಾದಂಬರಿಯನ್ನೂ, ಪ್ರೇಮಾ ಕಾರಂತರು ಅದನ್ನು ತೆರೆಗೆ ತಂದುದನ್ನೂ ಬಲ್ಲವರಿಗೆ ಈ ಬಾಳನ್ನು ವಿವರಿಸಬೇಕಾದುದಿಲ್ಲ. ನಮ್ಮ ಮನೆಯಲ್ಲಿಯೇ ಅಂಥ ಒಬ್ಬರಿದ್ದರು: ತಂದೆಯವರ ಸೋದರತ್ತೆ, ನಮಗೆಲ್ಲರಿಗೂ ದೊಡ್ಡತ್ತೆ. ಹನ್ನೊಂದನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡ ಅವರು, ಮೈ ತುಂಬಿದ ಮೇಲೆ ಒಂದು ದಿನವಾದರೂ ರವಿಕೆಯನ್ನು ತೊಟ್ಟವರಲ್ಲ. ಸದಾಚಾರವೆಂಬ ಹೆಸರಿನಿಂದ ಸಮಾಜವು ಅವರ ಎದೆಯ ವಸ್ತ್ರವನ್ನು ತೆಗೆಸಿದ್ದಿತು. ಅದೇ ಸದಾಚಾರದ ಹೆಸರಿನಿಂದ ಅದೇ ಮನೆಯ ನನಗೆ ಒಂದರ ಒಳಗೊಂದು ಎರಡು ವಸ್ತ್ರಗಳನ್ನು ತೊಡಿಸಿತು. ಎರಡು ಅಪ್ಪಣೆಗಳೂ ಒಂದೇ ಚಾವಣಿಯ ಕೆಳಗೆ, ಒಂದೇ ಕಾಲದಲ್ಲಿ ನಡೆಯುತ್ತಿದ್ದುವು. ಅವುಗಳ ವಿರೋಧ ಯಾರನ್ನೂ ಬಾಧಿಸಲಿಲ್ಲ.

ಜಾತಿಯೂ ಹೀಗೆಯೇ ಕುಪ್ಪಸವನ್ನು ಅಳೆದು ಕೊಟ್ಟಿತು. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆಯನ್ನು ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಪೆಟ್ಟು ತಿಂದು, ಸೆರಗು ಹರಿಸಿಕೊಂಡು, ಕೊನೆಗೆ 1859ರಲ್ಲಿ ಅರಸನಿಂದ ಅಪ್ಪಣೆಯನ್ನು ಪಡೆದರು. ಆಗಲೂ ಮೇಲ್ಜಾತಿಯವರಂತೆ ಉಡಕೂಡದೆಂಬ ಕಟ್ಟು ಅದಕ್ಕೆ ಇದ್ದಿತು. ಇದಕ್ಕೆ ತೀರ ಬೇರೆಯಾದ ನಿದರ್ಶನ ನಮ್ಮ ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರದು. ಕೊರಳಿನಿಂದ ಎದೆಯವರೆಗೆ ಮಣಿಸರಗಳ ರಾಶಿಯನ್ನು ಧರಿಸಿ, ರವಿಕೆಯಿಲ್ಲದೆ ಸೀರೆಯನ್ನು ಹೆಗಲಿಗೆ ಬಿಗಿದು ಉಡುವ ಅಲ್ಲಿಯ ಹಿರಿಯ ಹೆಂಗಸರು ಗದ್ದೆಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಅದೇ ಉಡುಪಿನಲ್ಲಿಯೇ ಓಡಾಡಿದವರು. ಹಾಡಿನ ಕಣಜವಾಗಿದ್ದ ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೆ 2017ರ ಪದ್ಮಶ್ರೀ ಸಂದಿತು. ಸಾವಿರಾರು ಗಿಡಗಳನ್ನು ಬೆಳೆಸಿದ ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ಅದೇ ಪುರಸ್ಕಾರವನ್ನು ಸ್ವೀಕರಿಸಲು ರಾಷ್ಟ್ರಪತಿ ಭವನದ ರತ್ನಗಂಬಳಿಯ ಮೇಲೆ ಬರಿಗಾಲಿನಲ್ಲಿ, ತೆರೆದ ಹೆಗಲಿನಲ್ಲಿ, ಮಣಿಸರದೊಡನೆ ನಡೆದುಹೋದರು. ದೇಶವೇ ಆ ಚಿತ್ರವನ್ನು ನೋಡಿ ಕೈಮುಗಿಯಿತು. ನಮ್ಮ ಬೀದಿಯ ಮನೆಗಳೂ ಮುಗಿದುವು. ಆ ಸಂಜೆಯೂ ಟವೆಲುಗಳು ಹೆಗಲಿನಿಂದ ಇಳಿಯಲಿಲ್ಲ.

ಒಳಗಣ ಬಾಡಿ ಹೇಗೆ ಬಂದಿತೆಂಬುದು ದರ್ಜಿಗಳ ಕತ್ತರಿಯಲ್ಲಿ ಅಡಗಿರುವ ಕಥೆ. ಹಳೆಯ ರವಿಕೆ ಮೈಯಳತೆಗೆ ಬಿಗಿಯಾಗಿ, ದಪ್ಪ ನೂಲಿನ ಬಟ್ಟೆಯಲ್ಲಿ ಹೊಲಿಯಲ್ಪಟ್ಟು, ಎದೆಯ ಕೆಳಗೆ ಎರಡು ತುದಿಗಳನ್ನು ಸೇರಿಸಿ ಗಂಟು ಹಾಕುವಂಥದು. ಮುಚ್ಚುವ ಕೆಲಸವನ್ನೂ ಆಧರಿಸುವ ಕೆಲಸವನ್ನೂ ಅದೊಂದೇ ಮಾಡುತ್ತಿದ್ದಿತು. ಗಂಟಿನ ಜಾಗದಲ್ಲಿ ಕೊಕ್ಕೆ ಗುಂಡಿಗಳು ಬಂದು, ಪೋಲ್ಕ, ಜಂಪರ್ ಎಂಬ ಸಡಿಲವಾದ ಮೇಲಂಗಿಗಳು ನಗರದ ಹೆಂಗಸರಲ್ಲಿ ಬಳಕೆಯಾಗಿ, ಗಿರಣಿಯ ತೆಳುಬಟ್ಟೆ ಕೈಮಗ್ಗದ ದಪ್ಪಬಟ್ಟೆಯನ್ನು ಹಿಂದೆ ಸರಿಸಿದಾಗ, ಒಂದೇ ವಸ್ತ್ರದ ಎರಡು ಕೆಲಸಗಳು ಬೇರ್ಪಟ್ಟುವು. ನೈಲಾನು, ವಾಯಿಲುಗಳ ಕಾಲದಲ್ಲಿ ಹೊರಗಿನ ರವಿಕೆ ಮುಚ್ಚುವ ಕೆಲಸವನ್ನೂ ಪೂರ್ತಿಯಾಗಿ ಮಾಡಲಾರದೆ ಹೋಯಿತು. ಒಳಗೊಂದು ಬೇಕೆನಿಸಿದುದು ಹೀಗೆ ಎಂದು ನನಗೆ ತೋರುತ್ತದೆ. ಇಂಗ್ಲಿಷಿನ 'ಬಾಡಿಸ್' ಎಂಬ ಶಬ್ದ ದರ್ಜಿಗಳ ಬಾಯಲ್ಲಿ ಬಾಡೀಸಾಗಿ, ಹೆಂಗಸರ ಬಾಯಲ್ಲಿ ಬಾಡಿಯಾಗಿ ನೆಲೆನಿಂತಿತು. ನ್ಯೂಯಾರ್ಕಿನ ಮೇರಿ ಫೆಲ್ಪ್ಸ್ ಜೇಕಬ್ ಎಂಬ ತರುಣಿ ಎರಡು ಕರವಸ್ತ್ರಗಳನ್ನು ಪಟ್ಟಿಯಿಂದ ಜೋಡಿಸಿ ರೂಪಿಸಿದ ಬ್ರಾಗೆ 1914ರಲ್ಲಿ ಪೇಟೆಂಟ್ ಪಡೆದಳು. ಆಕೆಗೆ ಅದು ಬಿಗಿಯಾದ ಕಾರ್ಸೆಟ್ಟಿನಿಂದ ಬಿಡುಗಡೆ. ನಮ್ಮಲ್ಲಿ ಬಿಡುಗಡೆಗೆಂದು ಬಂದುದಲ್ಲ ಅದು, ಇನ್ನೊಂದು ಪದರವಾಗಿ ಬಂದುದು.

ನನ್ನ ತಾಯಿಯ ಬಾಡಿಗಳೆಲ್ಲ ಮನೆಯ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರದಲ್ಲಿ ಬಿಳಿಯ ಮಲ್ಲಿನಿಂದ ಹುಟ್ಟಿದುವು. ಹಳೆಯ ಪಂಚೆಯ ಗಟ್ಟಿಯಾದ ಭಾಗ ಅದರ ಒಳಪದರ. ರಾಜಾಜಿಯವರ ಹೆಸರಿನಲ್ಲಿ ಎದ್ದ ಈ ಬಡಾವಣೆ ಕೈಗಾರಿಕೆಯ ಬಡಾವಣೆಯಾಗಿದ್ದಿತು. ಬಿನ್ನಿ ಗಿರಣಿಯ ಕೂಗು ಕೇಳುವಷ್ಟು ಹತ್ತಿರ. ಹೆಂಗಸರು ಕಛೇರಿಗೂ ಕಾರ್ಖಾನೆಗೂ ಹೊರಟು, ನೂಕುನುಗ್ಗಲಿನ ಬಸ್ಸಿನಲ್ಲಿ ಅಪರಿಚಿತರ ನಡುವೆ ನಿಲ್ಲಬೇಕಾಗಿ ಬಂದ ಆ ವರ್ಷಗಳಲ್ಲಿ ಬಾಡಿ ಅವರಿಗೆ ಒಂದು ಕವಚವೂ ಆಗಿದ್ದಿತೆಂಬುದನ್ನು ನಾನು ಅಲ್ಲಗಳೆಯಲಾರೆ. ಓಡಬೇಕಾದವಳಿಗೆ, ಭಾರ ಹೊರಬೇಕಾದವಳಿಗೆ ಅದು ನೆಮ್ಮದಿಯ ವಸ್ತುವೇ. ನನ್ನ ಜಗಳ ವಸ್ತುವಿನೊಡನೆ ಅಲ್ಲ; ತೊಡುವವಳನ್ನು ಬಿಟ್ಟು ಉಳಿದವರೆಲ್ಲರೂ ಅದರ ವಿಷಯದಲ್ಲಿ ತೀರ್ಪು ಕೊಡಬಲ್ಲರೆಂಬ ಏರ್ಪಾಡಿನೊಡನೆ.

1968ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಸುಂದರಿಯರ ಸ್ಪರ್ಧೆಯೊಂದರ ವಿರುದ್ಧ ನೆರೆದ ಸ್ತ್ರೀಯರು ಬ್ರಾಗಳನ್ನು ಕಸದ ಪೀಪಾಯಿಗೆ ಎಸೆದರು. ಸುಟ್ಟರೆಂದು ಲೋಕವೆಲ್ಲ ನಂಬಿದೆ, ಸುಡಲಿಲ್ಲ. ನಮ್ಮೂರಿನ ಚರಿತ್ರೆ ಬೇರೊಂದು ದಿಕ್ಕಿಗೆ ಹರಿಯಿತು. ಮೈಸೂರು ರಸ್ತೆಯ, ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಗಳು ಬೆಳೆದು, 'ಗಾರ್ಮೆಂಟ್ಸಿಗೆ ಹೋಗುವುದು' ಎಂಬುದು ಕೆಂಗೇರಿ ಮಾಗಡಿಗಳ ಸಾವಿರಾರು ಹೆಂಗಸರ ಬಾಳಿನ ಹೆಸರಾಯಿತು. ಫ್ರಾನ್ಸಿನ ಸಂಸ್ಥೆಯೊಂದರ ಜೊತೆಗೂಡಿ ಬೆಂಗಳೂರಿನಲ್ಲಿಯೇ 'ಎನಾಮೋರ್' ಎಂಬ ಬ್ರಾ ತಯಾರಾಗತೊಡಗಿದುದು ಈ ಶತಮಾನದ ಆರಂಭದಲ್ಲಿ. ಗಲ್ಲೆಯ ಮುಂದೆ ಪಿಸುಗುಟ್ಟುವ ಸಂಕಟವಿಲ್ಲದೆ ಮನೆಯಲ್ಲಿ ಕುಳಿತು ಕೊಳ್ಳುವಂತೆ 'ಜಿವಾಮೆ' ಎಂಬ ಅಂತರ್ಜಾಲದ ಅಂಗಡಿ ಹುಟ್ಟಿದುದು 2011ರಲ್ಲಿ, ಇದೇ ಊರಿನಲ್ಲಿ. ಅಳತೆಯನ್ನು ಹೆಣ್ಣು ತಾನೇ ತಿಳಿದು ಕೊಳ್ಳುವಂತಾದುದು ಸಣ್ಣ ಲಾಭವಲ್ಲ. ಆದರೆ ಪೊಟ್ಟಣ ಬಾಗಿಲಿಗೆ ಬಂದಾಗ ಮಾವನವರ ಎದುರಿಗೆ ಬಿಚ್ಚಬಾರದು. ಒಗೆದ ಮೇಲೆ ಬಾಲ್ಕನಿಯಲ್ಲಿ ಅದರ ಮೇಲೊಂದು ಟವೆಲು ಹೊದಿಸಬೇಕು.

ದೊಡ್ಡತ್ತೆಯವರ ಕೊನೆಯ ವರ್ಷದ ಧನುರ್ಮಾಸದಲ್ಲಿ ಚಳಿ ವಿಪರೀತವಾಗಿದ್ದಿತು. ಕೆಮ್ಮಿನಿಂದ ನಲುಗುತ್ತಿದ್ದ ಅವರಿಗಾಗಿ ನನ್ನ ತಾಯಿ ಒಂದು ಮಧ್ಯಾಹ್ನ ಯಾರಿಗೂ ಹೇಳದೆ, ಮೆತ್ತನೆಯ ಫ್ಲಾನೆಲ್ ಬಟ್ಟೆಯಲ್ಲಿ, ಗಂಟು ಹಾಕುವ ಹಳೆಯ ಬಗೆಯ ರವಿಕೆಯೊಂದನ್ನು ಹೊಲಿದು ಕೊಟ್ಟಳು. "ಬೇಡ ಕಣೇ, ನೋಡಿದೋರು ಏನಂದಾರು" ಎಂದರು ದೊಡ್ಡತ್ತೆ. "ರಾತ್ರಿ ಯಾರು ನೋಡ್ತಾರೆ, ತೊಟ್ಕೊಳ್ಳಿ ಅತ್ತೆ" ಎಂದಳು ತಾಯಿ. ಅವರ ಪಕ್ಕದಲ್ಲಿ ಮಲಗುತ್ತಿದ್ದವಳು ನಾನು. ದೀಪವಾರಿದ ಮೇಲೆ ಕತ್ತಲೆಯಲ್ಲಿ ಅವರು ಎದ್ದು ಕುಳಿತು, ಎಪ್ಪತ್ತು ವರ್ಷಗಳಿಂದ ಹಾಕಿ ಗೊತ್ತಿಲ್ಲದ ಆ ಗಂಟಿನೊಡನೆ ಬಹಳ ಹೊತ್ತು ತಡವರಿಸುತ್ತಿದ್ದುದು ನನಗೆ ಕೇಳಿಸುತ್ತಿದ್ದಿತು. ಬೆಳಗಿನ ಝಾವ, ವಠಾರದ ಬಾವಿಯ ರಾಟೆ ಸದ್ದು ಮಾಡುವ ಮೊದಲೇ, ಅದನ್ನು ಬಿಚ್ಚಿ ನಾಲ್ಕಾಗಿ ಮಡಿಚಿ, ನನ್ನ ದಿಂಬಿನ ಕೆಳಗೆ ಇಡುತ್ತಿದ್ದರು.