ಉಸಿರೇ ಚುಕ್ಕಾಣಿ

ಅಮರಸಿಂಹನು ತನ್ನ ಕೋಶದ ವಾರಿವರ್ಗದಲ್ಲಿ ಸಾಂಯಾತ್ರಿಕನನ್ನೂ ಕರ್ಣಧಾರನನ್ನೂ ಬೇರೆ ಬೇರೆಯಾಗಿ ಹೇಳಿರುವನು. ಸರಕನ್ನೇರಿಸಿಕೊಂಡು ಕಡಲ ಮೇಲೆ ಹೋಗುವ ವರ್ತಕನು ಸಾಂಯಾತ್ರಿಕ. ಹಡಗನ್ನು ನಡೆಸುವವನು ಕರ್ಣಧಾರ. ಕರ್ಣವೆಂದರೆ ಇಲ್ಲಿ ಕಿವಿಯಲ್ಲ, ಚುಕ್ಕಾಣಿ. ಒಂದೇ ಹಡಗಿನಲ್ಲಿ ಒಂದೇ ನೀರಿನ ಮೇಲೆ ಹೋಗುವವರಾದರೂ ಇವರಿಬ್ಬರ ಸ್ಥಿತಿ ಒಂದೇ ಅಲ್ಲ. ಕೈಕಾಲುಗಳ ಬಲವನ್ನು ಪೂರ್ಣವಾಗಿ ಕಳೆದುಕೊಂಡವರು ಹಾಯಿದೋಣಿಯನ್ನೇರಿದ ಚರಿತ್ರೆಯನ್ನು ನೋಡುವವರು ಈ ಭೇದವನ್ನು ಮರೆಯತಕ್ಕುದಲ್ಲ. ಅಂಥವರನ್ನು ದೋಣಿಯಲ್ಲಿ ಕೂರಿಸಿ ಗಾಳಿಸವಾರಿ ಮಾಡಿಸುವ ದಯಾಳುಗಳು ಎಲ್ಲ ಕಾಲದಲ್ಲಿಯೂ ಇದ್ದಿರಬಹುದು. ಅದು ಈ ಚರಿತ್ರೆಯ ವಿಷಯವಲ್ಲ. ಒಯ್ಯಲ್ಪಡುತ್ತಿದ್ದವರು ಒಯ್ಯುವವರಾದುದು ಹೇಗೆಂಬುದೇ ಇಲ್ಲಿಯ ವಿಷಯ.

ಹಾಯಿದೋಣಿಯು ನಾವಿಕನಿಂದ ಮೂರು ಕೆಲಸಗಳನ್ನು ಬೇಡುತ್ತದೆ. ಚುಕ್ಕಾಣಿಯನ್ನು ಹಿಡಿಯಬೇಕು. ಗಾಳಿಯು ತಿರುಗಿದಂತೆಲ್ಲ ಹಗ್ಗವನ್ನೆಳೆದು ಅಥವಾ ಸಡಿಲಿಸಿ ಹಾಯಿಯನ್ನು ಹದಗೊಳಿಸಬೇಕು. ದೋಣಿಯು ಒಂದು ಮಗ್ಗುಲಿಗೆ ಬಾಗಿದಾಗ ತನ್ನ ಮೈಭಾರವನ್ನು ಇನ್ನೊಂದು ಮಗ್ಗುಲಿಗೆ ಹೊರಚಾಚಿ ತೂಕವನ್ನು ಸರಿಗೊಳಿಸಬೇಕು. ಮೂರಕ್ಕೂ ದೇಹಬಲವು ಬೇಕೆಂದೇ ಲೋಕವು ನಂಬಿತ್ತು. ಸೂಕ್ಷ್ಮವಾಗಿ ನೋಡಿದರೆ ಬಲವು ಬೇಕಾದುದು ಎಳೆಯುವುದಕ್ಕೆ ಮತ್ತು ಬಾಗುವುದಕ್ಕೆ ಮಾತ್ರ. ಯಾವಾಗ ಎಳೆಯಬೇಕು, ಎಷ್ಟು ಬಿಡಬೇಕು, ಎತ್ತ ತಿರುಗಬೇಕೆಂಬುದಕ್ಕೆ ಬೇಕಾದುದು ಕಣ್ಣು ಮತ್ತು ಬುದ್ಧಿ. ಸೂರ್ಯನ ಸಾರಥಿಯಾದ ಅರುಣನಿಗೆ ತೊಡೆಗಳೇ ಇಲ್ಲ. ಅದರಿಂದಲೇ ಅವನಿಗೆ ಅನೂರುವೆಂದು ಹೆಸರು. ಪುರಾಣಕಾರರಿಗೆ ಹೊಳೆದಿದ್ದ ಈ ಮಾತು ದೋಣಿ ಕಟ್ಟುವವರಿಗೆ ಹೊಳೆಯಲು ಬಹುಕಾಲ ಹಿಡಿಯಿತು.

ಹೊಳೆದ ಮೇಲೆ ಮಾತ್ರ ಕೆಲಸವು ಬೇಗನೆ ಸಾಗಿತು. ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ ಸ್ಯಾಮ್ ಸಲಿವನ್ ಎಂಬುವರು, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಿಮದ ಮೇಲೆ ಜಾರುವಾಟವಾಡುವಾಗ ಕತ್ತು ಮುರಿದು ಕೈಕಾಲುಗಳ ಶಕ್ತಿ ಕುಂದಿದವರು, ೧೯೮೯ರಲ್ಲಿ ಇಂಥವರಿಗಾಗಿಯೇ ಒಂದು ಹಾಯಿದೋಣಿ ಸಂಘವನ್ನು ಸ್ಥಾಪಿಸಿದರು. (ಇವರೇ ಮುಂದೆ ೨೦೦೫ರಿಂದ ೨೦೦೮ರ ವರೆಗೆ ಆ ನಗರದ ಮೇಯರಾಗಿದ್ದರು.) ಆ ಸಂಘದ ಅಗತ್ಯಕ್ಕೆಂದು ಡಾನ್ ಮಾರ್ಟಿನ್ ಎಂಬ ನೌಕಾಶಿಲ್ಪಿಯು ಮಾರ್ಟಿನ್ ೧೬ ಎಂಬ ದೋಣಿಯನ್ನು ರಚಿಸಿದನು. ಅದರ ತಳದಿಂದ ನೀರಿನೊಳಕ್ಕೆ ಇಳಿದ ಭಾರವಾದ ಅಡಿಹಲಗೆಯು ದೋಣಿಯನ್ನು ಮಗುಚದಂತೆ ಹಿಡಿದಿರುತ್ತದೆ. ಹೀಗೆ ಮೈಯನ್ನು ಹೊರಚಾಚುವ ಕೆಲಸವು ಲೋಹಕ್ಕೆ ಹೋಯಿತು. ನಾವಿಕನು ನಡುವೆ, ಮುಂದಕ್ಕೆ ಮುಖಮಾಡಿ, ಒರಗುವ ಪೀಠದಲ್ಲಿ ಅಲುಗದೆ ಕುಳಿತಿರಬಹುದು. ಆಸ್ಟ್ರೇಲಿಯಾದ ಕ್ರಿಸ್ ಮಿಚೆಲ್ ಎಂಬಾತನು ಇನ್ನೂ ಚಿಕ್ಕ ದೋಣಿಗಳಲ್ಲಿ ಪೀಠವನ್ನು ತೀರ ಕೆಳಕ್ಕೆ ಇಳಿಸಿ, ಎದುರಿಗೆ ಒಂದು ಸಣ್ಣ ಹಿಡಿಯನ್ನು ನೆಟ್ಟು, ಅದನ್ನು ಎಡಕ್ಕೂ ಬಲಕ್ಕೂ ಒತ್ತಿದರೆ ಚುಕ್ಕಾಣಿ ತಿರುಗುವಂತೆ ಮಾಡಿದನು. ಹಗ್ಗಗಳನ್ನೆಳೆಯಲು ವಿದ್ಯುತ್ತಿನ ರಾಟೆಗಳು ಬಂದವು.

ಉಳಿದುದು ಒಂದೇ ತೊಡಕು. ಹಿಡಿಯನ್ನು ಒತ್ತಲು ಬೆರಳೂ ಆಡದವರು ಆಜ್ಞೆಯನ್ನು ಕೊಡುವುದು ಹೇಗೆ? ಇದಕ್ಕೆ ಉತ್ತರವು ಸಮುದ್ರದಿಂದ ಬರಲಿಲ್ಲ, ಆಸ್ಪತ್ರೆಯಿಂದ ಬಂದಿತು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಮುರಿದು ಮಲಗಿದವರಿಗೆ ಸಹಾಯಕ್ಕೆ ಕರೆಯಲು ಇದ್ದ ಸಾಧನ ಬಾಯಲ್ಲಿನ ಒಂದು ಸೀಟಿ. ರೆಜ್ ಮೇಲಿಂಗ್ ಎಂಬಾತನು ಇದನ್ನು ಕಂಡು, ಸೀಟಿಯೂದುವ ಆ ಉಸಿರಿನಿಂದಲೇ ಬೆರಳಚ್ಚಿನ ಯಂತ್ರವನ್ನು ನಡೆಸಬಹುದೆಂದು ೧೯೬೦ರ ಸುಮಾರಿನಲ್ಲಿ ಒಂದು ಉಪಕರಣವನ್ನು ಮಾಡಿದನು. ಕೊಳವೆಯಲ್ಲಿ ಊದಿದರೆ ಒಂದು ಸಂಜ್ಞೆ, ಹೀರಿದರೆ ಮತ್ತೊಂದು. ಗಾಳಿಯ ಒತ್ತಡದ ಏರಿಳಿತವು ವಿದ್ಯುತ್ತಿನ ಕೀಲಿಯನ್ನು ತೆರೆದು ಮುಚ್ಚುತ್ತದೆ. ಅದಕ್ಕೆ ‘ಪಾಸಮ್’ ಎಂದು ಹೆಸರಾಯಿತು. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ‘ನನಗೆ ಶಕ್ಯ’ ಎಂದರ್ಥ. ಇದೇ ತತ್ತ್ವವು ಗಾಲಿಕುರ್ಚಿಗೂ, ಅಲ್ಲಿಂದ ದೋಣಿಗೂ ಬಂದಿತು.

ಅಂಗವಿಕಲರ ಜಾಗತಿಕ ಕ್ರೀಡೋತ್ಸವವಾದ ಪ್ಯಾರಾಲಿಂಪಿಕ್ಸ್‌ನಲ್ಲಿ ಹಾಯಿಯೋಟವು ೧೯೯೬ರಲ್ಲಿ ಅಟ್ಲಾಂಟದಲ್ಲಿ ಪ್ರದರ್ಶನಕ್ಕಾಗಿ ಮಾತ್ರ ನಡೆಯಿತು. ೨೦೦೦ದಲ್ಲಿ ಸಿಡ್ನಿಯಲ್ಲಿ ಪದಕದ ಸ್ಪರ್ಧೆಯಾಯಿತು. ೨೦೦೮ರಲ್ಲಿ ಸೇರಿದ ಇಬ್ಬರ ದೋಣಿಯಲ್ಲಿ ಒಬ್ಬರಾದರೂ ಅತ್ಯಂತ ತೀವ್ರವಾದ ಅಂಗವೈಕಲ್ಯವುಳ್ಳವರಾಗಿರಬೇಕೆಂದು ನಿಯಮವಿತ್ತು. ಅದರ ಮೊದಲನೆಯ ಚಿನ್ನವನ್ನು ಚೀನಾದ ಚಿಂಗ್‌ದಾವ್ ಕಡಲಲ್ಲಿ ಗೆದ್ದವರು ಅಮೆರಿಕದ ನಿಕ್ ಸ್ಕಾಂಡೋನ್ ಮತ್ತು ಮೌರೀನ್ ಮೆಕಿನನ್-ಟಕರ್. ಸ್ಕಾಂಡೋನನು ದಿನೇ ದಿನೇ ಸ್ನಾಯುಗಳನ್ನು ಕರಗಿಸುವ ಮಹಾವ್ಯಾಧಿಯಿಂದ ಪೀಡಿತನಾಗಿದ್ದವನು; ಸ್ಪರ್ಧೆಯ ದಿನದ ವರೆಗೆ ದೇಹವು ಉಳಿದೀತೇ ಎಂಬುದೇ ಅವನ ಪಾಲಿಗೆ ನಿಜವಾದ ಪಂದ್ಯವಾಗಿತ್ತು. ೨೦೦೯ರ ಜನವರಿ ೨ರಂದು ಅವನು ತೀರಿಕೊಂಡನು. ೨೦೧೬ರ ರಿಯೋ ಉತ್ಸವದೊಡನೆ ಈ ಸ್ಪರ್ಧೆಯೂ ನಿಂತಿತು. ಸಾಕಷ್ಟು ದೇಶಗಳಲ್ಲಿ ಇದು ಹರಡಿಲ್ಲವೆಂದು ೨೦೧೫ರಲ್ಲಿಯೇ ತೀರ್ಮಾನವಾಗಿತ್ತು. ದೋಣಿಯು ದುಬಾರಿಯಾದುದು, ಬಡ ದೇಶಗಳಿಗೆ ಅದು ಎಟುಕದು, ಎಟುಕದುದರಿಂದ ಹರಡದು, ಹರಡದುದರಿಂದ ಅದನ್ನು ಕೈಬಿಡಬೇಕೆಂಬ ಈ ತರ್ಕವು ಅನ್ಯೋನ್ಯಾಶ್ರಯದೋಷಕ್ಕೆ ಬಹಳ ಹತ್ತಿರದಲ್ಲಿದೆ.

ಪದಕದ ಮಾತು ಹಾಗಿರಲಿ. ಈ ಚರಿತ್ರೆಯ ತಿರುಳು ಪದಕಗಳಾಚೆಗಿನ ಕೆಲವು ಪಯಣಗಳಲ್ಲಿದೆ. ಜೆಫ್ ಹೋಲ್ಟ್ ಎಂಬ ಆಂಗ್ಲೇಯನು ೧೯೮೪ರಲ್ಲಿ, ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, ವೆಸ್ಟ್ ಇಂಡೀಸ್‌ನ ಟಾರ್ಟೋಲಾ ದ್ವೀಪದ ಒಂದು ಕೊಲ್ಲಿಯಲ್ಲಿ ನೀರಿಗೆ ಹಾರಿ ಕತ್ತು ಮುರಿದುಕೊಂಡವನು. ಅವನು ೨೦೦೭ರಲ್ಲಿ ೧೫ ಅಡಿಯ ಪುಟ್ಟ ದೋಣಿಯಲ್ಲಿ ೧೦೯ ದಿನಗಳಲ್ಲಿ ಬ್ರಿಟನ್ ದ್ವೀಪವನ್ನು ಸುತ್ತಿದನು. ಅನಂತರ ‘ಇಂಪಾಸಿಬಲ್ ಡ್ರೀಮ್’, ಎಂದರೆ ಅಸಾಧ್ಯಸ್ವಪ್ನ, ಎಂಬ ೬೦ ಅಡಿಯ ಜೋಡಿಯೊಡಲಿನ ನಾವೆಯಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ, ೨೦೧೦ರ ಜನವರಿಯಲ್ಲಿ ಅದೇ ಕೊಲ್ಲಿಯ ದಡವನ್ನು ಮುಟ್ಟಿದನು.

ಹಿಲರಿ ಲಿಸ್ಟರ್ ಎಂಬಾಕೆಯದು ಇದಕ್ಕಿಂತಲೂ ಕಠಿನವಾದ ಕಥೆ. ೧೯೭೨ರಲ್ಲಿ ಹುಟ್ಟಿದ ಈಕೆಯ ದೇಹವನ್ನು ನರಗಳ ಒಂದು ರೋಗವು ಹರೆಯದಲ್ಲಿಯೇ ಹಿಡಿದು, ಅಂಗಾಂಗವಾಗಿ ಕಸಿದುಕೊಳ್ಳುತ್ತ ಹೋಯಿತು. ಅದರ ನಡುವೆಯೇ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಜೀವರಸಾಯನಶಾಸ್ತ್ರವನ್ನು ಓದಿ ಮುಗಿಸಿದಳು. ಕೊನೆಗೆ ಆಡುತ್ತಿದ್ದುದು ತಲೆ, ಕಣ್ಣು, ಬಾಯಿ ಮಾತ್ರ. ನೋವು ಮಾತ್ರ ಎಲ್ಲೆಡೆಯಲ್ಲಿಯೂ ಉಳಿದಿತ್ತು. ಬದುಕೇ ಬೇಡವೆಂಬಷ್ಟು ಬೇಸತ್ತಿದ್ದ ಆಕೆಯನ್ನು ೨೦೦೩ರಲ್ಲಿ ಪರಿಚಿತರು ಒಂದು ಕೆರೆಗೆ ಕರೆದೊಯ್ದು ದೋಣಿಯಲ್ಲಿ ಕೂರಿಸಿದರು. ಎರಡೇ ವರ್ಷಗಳ ಮೇಲೆ, ೨೦೦೫ರ ಆಗಸ್ಟ್ ೨೩ರಂದು, ಡೋವರಿನಿಂದ ಹೊರಟು ೬ ಗಂಟೆ ೧೩ ನಿಮಿಷಗಳಲ್ಲಿ ಫ್ರಾನ್ಸಿನ ಕ್ಯಾಲೆಯನ್ನು ಸೇರಿದಳು. ತುಟಿಯ ಬಳಿ ಕೊಳವೆಗಳಿದ್ದುವು. ಹಡಗುಗಳು ಎಡೆಬಿಡದೆ ಓಡಾಡುವ ಆ ಇಕ್ಕಟ್ಟಾದ ಜಲಮಾರ್ಗದಲ್ಲಿ ಚುಕ್ಕಾಣಿಯನ್ನೂ ಹಾಯಿಯನ್ನೂ ನಡೆಸಿದುದು ಆಕೆಯ ಉಸಿರು. ೨೦೦೮ರಲ್ಲಿ ಬ್ರಿಟನ್ನನ್ನು ಸುತ್ತಲು ಹೊರಟಾಗ ಹವೆಯೂ ಯಂತ್ರವೂ ಕೈಕೊಟ್ಟು ಪಯಣವು ಕಾರ್ನ್‌ವಾಲ್ ತೀರದಲ್ಲಿ ನಿಂತಿತು. ಮರುವರ್ಷ ಮತ್ತೆ ಹೊರಟು, ೨೦೦೯ರ ಆಗಸ್ಟ್ ೩೧ರಂದು ಡೋವರನ್ನು ಮುಟ್ಟಿ ಪ್ರದಕ್ಷಿಣೆಯನ್ನು ಮುಗಿಸಿದಳು. ೨೦ ಅಡಿಯ ಆ ನಾವೆಯ ಹೆಸರು ‘ಮೀ ಟೂ’: ನಾನೂ ಎಂದು.

ಇದನ್ನು ಏಕಾಕಿ ಪಯಣವೆನ್ನಬಹುದೇ ಎಂದು ಕೇಳುವವರುಂಟು. ಪ್ರಶ್ನೆಯು ಅನ್ಯಾಯವಾದುದಲ್ಲ. ಆಕೆಯನ್ನು ನಾವೆಗೆ ಎತ್ತಿ ಇಳಿಸಿದವರು ಬೇರೆಯವರು. ಜೊತೆಯಲ್ಲಿ ಕಾವಲಿನ ದೋಣಿಯಿರುತ್ತಿತ್ತು. ಪಯಣವು ಹಗಲಿನ ಹಂತಗಳಾಗಿ ನಡೆಯಿತು. ಹೋಲ್ಟನ ನಾವೆಯಲ್ಲಿ ಕೂಡ ಶುಶ್ರೂಷೆಗೊಬ್ಬರೂ ಚಿತ್ರ ತೆಗೆಯುವವರೊಬ್ಬರೂ ಇದ್ದರು. ಆದರೆ ನಾವೆಯನ್ನು ನಡೆಸುವ ಕೆಲಸದಲ್ಲಿ ಅವರು ಕೈಹಾಕಲಿಲ್ಲ. ಏಕಾಕಿ ಎಂಬ ಮಾತು ಇಲ್ಲಿ ತುಸು ಅತಿಯಾಯಿತೆಂದೇ ಒಪ್ಪಬೇಕು. ಆದರೆ ಕರ್ತೃವಾರೆಂಬ ಪ್ರಶ್ನೆಗೆ ವೈಯಾಕರಣರು ಬಹು ಹಿಂದೆಯೇ ಉತ್ತರ ಕೊಟ್ಟಿರುವರು. ಒಂದು ಕ್ರಿಯೆಗೆ ಕರಣವೂ ಅಧಿಕರಣವೂ ಮತ್ತಿತರ ಕಾರಕಗಳೂ ನೆರವಾಗಬಹುದು. ಆ ಕ್ರಿಯೆಯಲ್ಲಿ ಯಾರು ಸ್ವತಂತ್ರರೋ ಅವರೇ ಕರ್ತೃಗಳು. ಒಬ್ಬನೇ ಇರುವವನು ಕರ್ತೃವೆಂದು ಪಾಣಿನಿಯು ಹೇಳಲಿಲ್ಲ, ತೋಳ್ಬಲವುಳ್ಳವನೆಂದೂ ಹೇಳಲಿಲ್ಲ. ರಾಟೆಯು ಎಳೆಯಿತು, ಅಡಿಹಲಗೆಯು ತೂಗಿತು, ಗಾಳಿಯು ನೂಕಿತು. ಅಲೆಯನ್ನು ನೋಡಿ, ಹಾಯಿಯ ಬಡಿತವನ್ನು ಕೇಳಿ, ಈಗ ಊದಬೇಕು, ಈಗ ಹೀರಬೇಕೆಂದು ನಿಶ್ಚಯಿಸಿದವಳು ಲಿಸ್ಟರಳೊಬ್ಬಳೇ. ತಪ್ಪಿದ್ದರೆ ತಪ್ಪೂ ಆಕೆಯದೇ ಆಗುತ್ತಿತ್ತು. ಉಡುವುದಕ್ಕೂ ಉಣ್ಣುವುದಕ್ಕೂ ದಿನವೆಲ್ಲ ಪರರ ಕೈಯನ್ನು ಕಾಯಬೇಕಾದವರಿಗೆ, ತನ್ನದೇ ಎಂದು ಹೇಳಿಕೊಳ್ಳಬಹುದಾದ ಒಂದು ತಪ್ಪಿನ ಅವಕಾಶವು ಎಷ್ಟು ದೊಡ್ಡದೆಂಬುದನ್ನು ಗಟ್ಟಿಮುಟ್ಟಾದವರು ಸುಲಭವಾಗಿ ಊಹಿಸಲಾರರು.

೨೦೧೪ರಲ್ಲಿ ಲಿಸ್ಟರಳು ಮುಂಬಯಿಗೆ ಬಂದಳು. ಅಲ್ಲಿಂದ ಓಮಾನ್ ದೇಶದ ಒಬ್ಬ ನಾವಿಕೆಯೊಡನೆ, ಮೂರು ಒಡಲುಗಳ ನಾವೆಯಲ್ಲಿ, ಮಸ್ಕತ್ತಿಗೆ ಹೊರಟಳು. ಹಿಂದೆ ಭಟ್ಕಳ, ಹೊನ್ನಾವರಗಳ ಬಂದರುಗಳಿಗೆ ವಿಜಯನಗರದ ಕುದುರೆಗಳನ್ನು ತಂದಿಳಿಸುತ್ತಿದ್ದ ಅದೇ ಅರಬ್ಬೀ ಸಮುದ್ರ. ಈ ಸಲ ಪ್ರತಿ ಸಂಜೆಯೂ ದಡಕ್ಕೆ ಮರಳುವಂತಿರಲಿಲ್ಲ. ನಡುಗಡಲಿನಲ್ಲಿಯೇ ರಾತ್ರಿಗಳನ್ನು ಕಳೆಯಬೇಕಾಗಿತ್ತು. ಇಬ್ಬರೂ ಸುಖವಾಗಿ ಮಸ್ಕತ್ತನ್ನು ಸೇರಿದರು. ನಾಲ್ಕು ವರ್ಷಗಳ ತರುವಾಯ, ೨೦೧೮ರ ಆಗಸ್ಟ್ ತಿಂಗಳಿನಲ್ಲಿ, ತನ್ನ ೪೬ನೆಯ ವಯಸ್ಸಿನಲ್ಲಿ ಲಿಸ್ಟರಳು ಕಾಲವಾದಳು.